ಜುಲೈ 21: ನವಲಗುಂದದಾಗ ಒಂದು ನೆನಪು, ಕುಂದಗೋಳದಾಗ ಇನ್ನೊಂದು

 

ಫೋನಿನಲ್ಲಿ ‘ಇತಿಹಾಸದಲ್ಲಿ ಈ ದಿನ’ ಅಂತ ಬರ್ತದಲ್ಲ, ನಾವೆಲ್ಲ ಒಂದು ಕ್ಷಣ ನೋಡಿ ಮುಂದಕ್ಕ ಸರಿಸಿಬಿಡ್ತೀವಿ. ಜುಲೈ 21ಕ್ಕೆ ಅಲ್ಲಿ ಸಿಗೋದು ಬಹುಶಃ ಚಂದ್ರ. 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ಅಮೆರಿಕದಲ್ಲಿ ಇನ್ನೂ 20ರ ರಾತ್ರಿ, ನಮ್ಮಲ್ಲಿ ಆಗಲೇ 21ರ ಬೆಳಿಗ್ಗೆ ಎಂಟೂವರೆ ಹತ್ತಿರ. ರಾಷ್ಟ್ರಪತಿ ಚುನಾವಣೆಯಲ್ಲಿ 2007ರಲ್ಲಿ ಪ್ರತಿಭಾ ಪಾಟೀಲ್, 2022ರಲ್ಲಿ ದ್ರೌಪದಿ ಮುರ್ಮು ಗೆದ್ದ ಸುದ್ದಿ ಹೊರಬಿದ್ದದ್ದೂ ಜುಲೈ 21ರಂದೇ. ಕೋಲ್ಕತ್ತಾದಲ್ಲಿ 1993ರ ಜುಲೈ 21ರಂದು ಪೊಲೀಸರ ಗುಂಡಿಗೆ 13 ಜನ ಸತ್ತರು. ಅಲ್ಲಿಯವರಿಗೂ ಅದು ಹುತಾತ್ಮರ ದಿನ.

‘ಅಲ್ಲಿಯವರಿಗೂ’ ಅಂತ ಯಾಕ ಅಂದೆ ಅಂದ್ರ, ಅದಕ್ಕಿಂತ 13 ವರ್ಷ ಮೊದಲೇ ಅದೇ ತಾರೀಖು ನಮ್ಮ ಧಾರವಾಡ ಜಿಲ್ಲೆಯಲ್ಲಿ ಹುತಾತ್ಮರ ದಿನ ಆಗಿತ್ತು. ಆ ಪಟ್ಟಿಗಳೊಳಗ ನವಲಗುಂದದ ಹೆಸರು ಸಿಗೋದು ಕಷ್ಟ. ಹಂಗಾಗಿ ಇವತ್ತು ನಮ್ಮದೇ ಪಟ್ಟಿ ಮಾಡೋಣು. ಅದರಲ್ಲಿ ಎರಡೇ ಸಂಗತಿ. ಒಂದು ನವಲಗುಂದದ್ದು, 1980. ಇನ್ನೊಂದಕ್ಕೆ ಹುಬ್ಬಳ್ಳಿ ದಾಟಿ ಕುಂದಗೋಳದ ಕಡೆ ಹೋಗಬೇಕು, 2009.

ಮೊದಲು ನೀರಿನ ಕಥೆ. ಮಲಪ್ರಭಾ ನದಿ ಹುಟ್ಟೋದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿ, 37.73 ಟಿಎಂಸಿ ಹಿಡಿಯೋ ಜಲಾಶಯ ಮಾಡಿ, 1970ರ ದಶಕದಲ್ಲಿ ಕಾಲುವೆಗಳಿಗೆ ನೀರು ಬಿಡೋಕೆ ಶುರುಮಾಡಿದರು. ಬಲದಂಡೆ ಕಾಲುವೆ ಬಂದದ್ದು ನರಗುಂದ, ನವಲಗುಂದದ ಕಡೆಗೆ. (ನವಿಲುತೀರ್ಥದಲ್ಲೂ ನವಿಲು, ನವಲಗುಂದದಲ್ಲೂ ನವಿಲು. ಕಾಲುವೆಯ ಎರಡೂ ತುದಿಗೆ ನವಿಲು ಕುಂತದ ಅನ್ನೋದು ನನಗೆ ಬಹಳ ಹಿಡಿಸಿದ ಸಂಗತಿ.) ಆಗ ನರಗುಂದ ಧಾರವಾಡ ಜಿಲ್ಲೆಯಲ್ಲೇ ಇತ್ತು, ಗದಗ ಜಿಲ್ಲೆ ಆದದ್ದು 1997ರಲ್ಲಿ. ಅಣ್ಣಿಗೇರಿ ಆಗ ನವಲಗುಂದ ತಾಲ್ಲೂಕಿನ ಊರು.

ಇದು ಎರೆ ಭೂಮಿ. ಮಳೆ ನಂಬಿ ಹಿಂಗಾರಿ ಜೋಳ, ಕಡಲೆ, ಕುಸುಬೆ, ಜಯಧರ ಹತ್ತಿ ಬೆಳೀತಿದ್ದ ಸೀಮೆ. ಬೆಣ್ಣಿಹಳ್ಳಕ್ಕೆ ಒಮ್ಮೊಮ್ಮೆ ನೆರೆ ಬರ್ತದ, ಬ್ಯಾಸಿಗೆಯಲ್ಲಿ ಕುಡಿಯೋ ನೀರಿಗೆ ಕೆರೆಯೇ ಗತಿ. ಅಂಥಲ್ಲಿ ಕಾಲುವೆ ಬಂತು. ಅದರ ಜೊತೆಗೇ ಧಾರವಾಡದ ಕೃಷಿ ಸಂಶೋಧನೆಯಿಂದ 1972ರಲ್ಲಿ ವರಲಕ್ಷ್ಮಿ ಅನ್ನೋ ಹೈಬ್ರಿಡ್ ಹತ್ತಿ ಬಂತು. ಉದ್ದ ಎಳೆಯ ಹತ್ತಿ, ಆರಂಭದಲ್ಲಿ ಒಳ್ಳೆಯ ಬೆಲೆ. ರೈತರು ಜೋಳ ಬಿಟ್ಟು ಅದಕ್ಕೆ ಇಳಿದರು. ಬೀಜ, ಗೊಬ್ಬರ, ಔಷಧ, ಎಲ್ಲಕ್ಕೂ ಸಾಲ. ಕೆಲವು ವರ್ಷ ನಡೀತು. ಆಮೇಲೆ ಬೆಲೆ ಬಿತ್ತು.

ಬೆಲೆ ಬಿದ್ದ ಹೊತ್ತಿಗೇ ನೋಟಿಸು ಬಂದವು. ಬೆಟರ್‌ಮೆಂಟ್ ಲೆವಿ ಅಂತ ಅದರ ಹೆಸರು. ಈ ಶಬ್ದ ಈಗಿನ ಹುಡುಗರಿಗೆ ಹೊಸದು ಇರಬಹುದು, ಅವತ್ತು ಇಲ್ಲಿ ಓದು ಬರಹ ಇಲ್ಲದವರ ಬಾಯಾಗೂ ಇತ್ತು. ಲೆಕ್ಕ ಹೀಂಗ: ಸರ್ಕಾರ ಕಾಲುವೆ ತಂದಿದ್ದಕ್ಕೆ ನಿಮ್ಮ ಹೊಲದ ಕಿಮ್ಮತ್ತು ಹೆಚ್ಚಾಯಿತು, ಹೆಚ್ಚಾದ ಕಿಮ್ಮತ್ತಿನಲ್ಲಿ ಸರ್ಕಾರಕ್ಕೂ ಪಾಲು ಕೊಡಬೇಕು. ಇದಕ್ಕೆ 1957ರಷ್ಟು ಹಿಂದೆಯೇ ಕಾಯ್ದೆ ಇತ್ತು. ನೀರಿನ ಕರ ಬ್ಯಾರೆ, ಇದು ಬ್ಯಾರೆ. ಕಾಗದದ ಮೇಲೆ ನ್ಯಾಯವಾಗಿಯೇ ಕಾಣುವ ಲೆಕ್ಕ.

ಹೊಲದಲ್ಲಿ ನಿಂತು ನೋಡಿದರೆ ಬ್ಯಾರೆ ಕಾಣ್ತಿತ್ತು. ಕಾಲುವೆಯ ಕೊನೆ ಭಾಗದ ಹೊಲಗಳಿಗೆ ನೀರು ಮುಟ್ಟುತ್ತಿರಲಿಲ್ಲ, ಆದರೂ ಅವು ದಾಖಲೆಯಲ್ಲಿ ನೀರಾವರಿ ಜಮೀನು. ಕಾಲುವೆಯ ಬಗಲಲ್ಲೇ ಇದ್ದ ಹೊಲಗಳಿಗೆ ಬ್ಯಾರೆ ಕಾಟ. ಎರೆ ಮಣ್ಣು ನೀರು ಬಸಿಯಲು ಬಿಡೋದಿಲ್ಲ, ಸವಳು-ಜವಳು ಆಗಿ ಭೂಮಿ ಕೆಡ್ತದ. ಒಬ್ಬನಿಗೆ ನೀರಿಲ್ಲ, ಇನ್ನೊಬ್ಬನಿಗೆ ಹೆಚ್ಚಾಗಿ ಭೂಮಿ ಹಾಳು, ಇಬ್ಬರಿಗೂ ಒಂದೇ ನೋಟಿಸು. ಕಿಮ್ಮತ್ತು ಹೆಚ್ಚಾಗಿದೆ ಅಂದರೆ ಹೊಲ ಮಾರಿದಾಗ ತಾನೇ ಅದು ರೊಕ್ಕ ಆಗೋದು? ಮಾರುವ ಯೋಚನೆಯೇ ಇಲ್ಲದವನು ಎಲ್ಲಿಂದ ಕೊಡಬೇಕು? ಈ ಪ್ರಶ್ನೆಗೆ ಕಚೇರಿಗಳಲ್ಲಿ ಉತ್ತರ ಇರಲಿಲ್ಲ.

ರೈತರು ಮಲಪ್ರಭಾ ನೀರಾವರಿ ಪ್ರದೇಶದ ರೈತರ ಸಮನ್ವಯ ಸಮಿತಿ ಕಟ್ಟಿಕೊಂಡರು. ಇಲ್ಲಿ ಒಂದು ಮಾತು ಗಮನಿಸಿ. ಇದನ್ನು ಬೆಂಗಳೂರಿನಿಂದ ಬಂದ ಯಾವ ನಾಯಕರೂ ಕಟ್ಟಲಿಲ್ಲ, ಊರಿನವರೇ ಕಟ್ಟಿದ್ದು. ಹಸಿರು ಶಾಲು ಇನ್ನೂ ಬಂದಿರಲಿಲ್ಲ. 1980ರ ಮುಂಗಾರಿನ ಹೊತ್ತಿಗೆ ತಹಶೀಲ್ದಾರ್ ಕಚೇರಿಗಳ ಮುಂದೆ ಧರಣಿ ನಡೀತಿತ್ತು. ಕರ ಕಟ್ಟೋದಿಲ್ಲ ಅನ್ನೋದೇ ಸತ್ಯಾಗ್ರಹ. ಆಗ ಮುಖ್ಯಮಂತ್ರಿ ಆರ್. ಗುಂಡೂರಾವ್.

ಜುಲೈ 21, ಸೋಮವಾರ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತಿಗೆ ನೊಗ ಹಾಕೋದಿಲ್ಲ. ಅದಕ್ಕೇ ಅಷ್ಟು ಜನ ಸೇರಿದರು ಅಂತ ನಾನು ಹೇಳೋದಿಲ್ಲ. ಆದರೆ ಕ್ಯಾಲೆಂಡರ್ ತೆಗೆದು ಆ ದಿನ ಯಾವ ವಾರ ಅಂತ ನೋಡಿದಾಗ ನನಗೆ ಮೊದಲು ಹೊಳೆದದ್ದು ಇದೇ. ಅವತ್ತು ನವಲಗುಂದ, ನರಗುಂದ ಎರಡೂ ಊರು ಬಂದ್. ಹಳ್ಳಿ ಹಳ್ಳಿಯಿಂದ ಜನ ಬಂದಿದ್ದರು. ಮೆರವಣಿಗೆ, ಸರ್ಕಾರಿ ಕಚೇರಿಗಳ ಮುಂದೆ ಜಗ್ಗಾಟ, ಕಲ್ಲು, ಕೊನೆಗೆ ಗೋಲಿಬಾರ್. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಗುಂಡಿಗೆ ಬಲಿಯಾದರು. ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ. ಅಲ್ಲಿ ಗುಂಡು ಹಾರಿದ ಮೇಲೆ ರೊಚ್ಚಿಗೆದ್ದ ಗುಂಪು ಪೊಲೀಸರ ಮೇಲೆ ಬಿತ್ತು, ಪೊಲೀಸ್ ಸಿಬ್ಬಂದಿಯೂ ಜೀವ ಕಳಕೊಂಡರು. ಹುತಾತ್ಮ ದಿನದ ಭಾಷಣಗಳಲ್ಲಿ ಈ ಕೊನೆಯ ವಾಕ್ಯ ಕೇಳಿಸೋದು ಅಪರೂಪ. ಆದರ ಆ ಪೊಲೀಸರ ಮನೆಯಲ್ಲೂ ಜುಲೈ 21 ಅನ್ನೋದು ಒಂದು ತಾರೀಖು ಆಗಿ ಉಳಿದಿರ್ತದ, ಅದನ್ನ ಬಿಟ್ಟು ಈ ಕಥೆ ಹೇಳೋಕೆ ನನಗೆ ಮನಸ್ಸಿಲ್ಲ.

ಇದಾದ ಮೇಲೆ ಬೆಂಕಿ ಹಬ್ಬಿದ ಹಾಗೆ ಹಬ್ಬಿತು. ಬೇರೆ ಬೇರೆ ಜಿಲ್ಲೆಗಳಲ್ಲಿ ರೈತರು ಬೀದಿಗಿಳಿದರು, ಅಲ್ಲೂ ಗೋಲಿಬಾರ್ ಆದವು. ಸರ್ಕಾರ ರಿಯಾಯಿತಿಗಳನ್ನು ಘೋಷಿಸಲೇಬೇಕಾಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅದರ ಮುಂದಾಳುಗಳು. 1981ರಲ್ಲಿ ವಿರೋಧ ಪಕ್ಷಗಳು ನರಗುಂದದಿಂದ ಬೆಂಗಳೂರಿಗೆ ಜಾಥಾ ತೆಗೆದವು. 1982ರಲ್ಲಿ ಗೋಕಾಕ್ ಚಳವಳಿ ಅದಕ್ಕೆ ಕೂಡಿಕೊಂಡಿತು. 1983ರ ಜನವರಿಯಲ್ಲಿ ರಾಜ್ಯದ ಇತಿಹಾಸದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದರು. ಇದಕ್ಕೆಲ್ಲ ಆ ಸೋಮವಾರ ಒಂದೇ ಕಾರಣ ಅಂದರೆ ಅತಿ ಆದೀತು. ಆ ಸೋಮವಾರ ಇಲ್ಲದೆ ಇದೆಲ್ಲ ಹಿಂಗೇ ನಡೀತಿತ್ತು ಅಂದರೆ ಅದೂ ಸುಳ್ಳು.

ನರಗುಂದದ ಕೇಳುಗರು ಒಂದು ತಕರಾರು ತೆಗೀಬಹುದು: ನಮ್ಮೂರ ಬಂಡಾಯ ಅಂದ್ರ ಅದು 1858ರದು ಅಲ್ಲೇನು ಅಂತ. ಹೌದು, ಬಾಬಾಸಾಹೇಬ ಅಂದರೆ ಭಾಸ್ಕರರಾವ್ ಭಾವೆ ಬ್ರಿಟಿಷರ ವಿರುದ್ಧ ತಿರುಗಿಬಿದ್ದು, ಸುರೇಬಾನದಲ್ಲಿ ಮ್ಯಾನ್ಸನ್ ಅನ್ನೋ ಅಧಿಕಾರಿ ಕೊಲೆಯಾಗಿ, ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಜೂನ್ 12ಕ್ಕೆ ಗಲ್ಲಾಯಿತು. ‘ಬಂಡಾಯ’ ಅನ್ನೋ ಒಂದೇ ಶಬ್ದವನ್ನು ಜನ ಎರಡಕ್ಕೂ ಬಳಸ್ತಾರೆ. ದೊರೆಯ ಬಂಡಾಯಕ್ಕೂ ರೈತರ ಬಂಡಾಯಕ್ಕೂ ಒಂದೇ ಶಬ್ದ.

ಈಗ ನನ್ನನ್ನು ಕಾಡಿದ ಪ್ರಶ್ನೆಗೆ ಬರ್ತೀನಿ. ನಮ್ಮ ಹಳ್ಳಿಗಳಲ್ಲಿ ಸತ್ತವರನ್ನು ಇಂಗ್ಲಿಷ್ ತಾರೀಖಿನ ಮೇಲೆ ಯಾರು ನೆನೀತಾರ? ಅಮಾಸಿ, ಹುಣ್ಣಿವಿ, ಪಂಚಮಿ, ಇಲ್ಲಾಂದ್ರ ಶೀಗಿ ಹುಣ್ಣಿವಿ ಆದ ಮ್ಯಾಲ ಮೂರನೇ ದಿನ, ಇಂಥ ಲೆಕ್ಕ. ಜಾತ್ರೆಯೂ ತಿಥಿಗೆ, ಪುಣ್ಯತಿಥಿಯೂ ತಿಥಿಗೆ. ಆದರೆ ಈ ಸಾವು ಮಾತ್ರ ‘ಜುಲೈ 21’ ಆಗಿಯೇ ಉಳಿಯಿತು. ನನಗನ್ನಿಸೋದು ಏನಂದ್ರ, ಆ ಜಗಳದ ಎಲ್ಲ ಕಾಗದಗಳೂ ಸರ್ಕಾರಿ ಕ್ಯಾಲೆಂಡರಿನಲ್ಲೇ ಬಂದಿದ್ದವು. ನೋಟಿಸಿನ ಮೇಲೆ ತಾರೀಖು, ಕರ ಕಟ್ಟುವ ಕೊನೆಯ ತಾರೀಖು, ಬಂದ್ ಕರೆಯ ತಾರೀಖು. ಸತ್ತ ರೈತನ ಲೆಕ್ಕವನ್ನೂ ಜನ ಅದೇ ವಹಿಯಲ್ಲಿ ಬರೆದಿಟ್ಟರು. ಪ್ರತಿ ವರ್ಷ ಆ ದಿನ ರೈತ ಹುತಾತ್ಮ ದಿನ. ನವಲಗುಂದದಲ್ಲಿ, ನರಗುಂದದಲ್ಲಿ ವೀರಗಲ್ಲಿಗೆ ಹಾರ ಬೀಳ್ತದ. ಎಲ್ಲ ಪಕ್ಷದವರೂ ಬರ್ತಾರ, ಅವತ್ತು ಗುಂಡು ಹಾರಿಸಿದ ಸರ್ಕಾರದ ಪಕ್ಷದವರೂ ಸೇರಿ.

ಇನ್ನು ಎರಡನೆಯದು. ನವಲಗುಂದದಿಂದ ಹುಬ್ಬಳ್ಳಿಗೆ ಬಂದು, ಇನ್ನೊಂದು ದಿಕ್ಕಿಗೆ ಬೆಂಗಳೂರು ರೈಲಿನ ದಾರಿ ಹಿಡಿದರೆ ಕುಂದಗೋಳ ಸಿಗ್ತದ. ಅದೇ ಜಿಲ್ಲೆ, ಹತ್ತಿ ಮೆಣಸಿನಕಾಯಿಯ ಸೀಮೆ. 2009ರ ಜುಲೈ 21, ಮಂಗಳವಾರ ಬೆಳಿಗ್ಗೆ, ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಗಂಗೂಬಾಯಿ ಹಾನಗಲ್ ತೀರಿಕೊಂಡರು. ಅವರಿಗೆ 96 ವರ್ಷ ತುಂಬಿತ್ತು. ಕಣ್ಣು ದಾನ ಮಾಡಿದ್ದರು. ಸರ್ಕಾರ ಶೋಕ ಘೋಷಿಸಿತು, ಮರುದಿನ ಸರ್ಕಾರಿ ಗೌರವದ ಅಂತ್ಯಕ್ರಿಯೆ. ಆ ಮರುದಿನ ಯಾವುದು ಗೊತ್ತೇನು? ನಾಗರ ಅಮಾಸಿ, ಜೊತೆಗೆ ಸೂರ್ಯಗ್ರಹಣ. ಸೂರತ್, ಪಟ್ನಾದ ಕಡೆ ಖಗ್ರಾಸ, ನಮ್ಮ ಕಡೆ ಪಾರ್ಶ್ವ.

ಅವರು ಹುಟ್ಟಿದ್ದು 1913ರ ಮಾರ್ಚ್ 5, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಹಾಡುಗಾರ್ತಿ. ಅಂಥ ಮನೆತನದ ಹೆಣ್ಣುಮಕ್ಕಳನ್ನು ಆಗಿನ ಧಾರವಾಡ ಹ್ಯಾಂಗ ನೋಡ್ತಿತ್ತು ಅನ್ನೋದನ್ನ ಅವರು ‘ನನ್ನ ಬದುಕಿನ ಹಾಡು’ ಆತ್ಮಕಥೆಯಲ್ಲಿ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ಸಣ್ಣವರಿದ್ದಾಗ ನೆರೆಯವರ ಹಿತ್ತಲಿನ ಮಾವಿನಕಾಯಿಗೆ ಕೈ ಹಾಕಿ ಬೈಸಿಕೊಂಡದ್ದು, ಮುಂದೆ ಹೆಸರು ಬಂದ ಮೇಲೆ ಅದೇ ಮನೆಗಳಿಂದ ಊಟದ ಕರೆ ಬಂದದ್ದು, ಎರಡನ್ನೂ ನೆನೆದವರು ಅವರು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತ ಗೀತೆ ಹಾಡುವ ಗುಂಪಿನಲ್ಲಿ ಹನ್ನೊಂದರ ಈ ಹುಡುಗಿಯೂ ಇದ್ದಳು. ಅಷ್ಟು ಜನರ ಮುಂದೆ ಹಾಡಬೇಕಲ್ಲ ಅನ್ನೋ ಅಳುಕು ಆಕೆಗೆ ಅಷ್ಟಿರಲಿಲ್ಲ. ಊಟ ಆದ ಮೇಲೆ ಎಂಜಲು ಎತ್ತಲು ತನಗೆ ಹೇಳ್ತಾರೇನೋ ಅನ್ನೋದೇ ಆಕೆಯ ಹೆದರಿಕೆ.

ಮುಂದೆ ಅವರ ಗುರುಗಳಾದವರು ಸವಾಯಿ ಗಂಧರ್ವರು, ಅಂದರೆ ಕುಂದಗೋಳದ ರಾಮಚಂದ್ರ ಕುಂದಗೋಳಕರ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯರು. ನಾಟಕ ಕಂಪನಿಗಳ ತಿರುಗಾಟ ಮುಗಿಸಿ ಅವರು ಊರಿಗೆ ಬಂದು ನೆಲೆಸಿದ ಮೇಲೆ ಗಂಗೂಬಾಯಿಯವರ ಗಟ್ಟಿ ಪಾಠ ಶುರುವಾದದ್ದು. ಮನೆ ಹುಬ್ಬಳ್ಳಿಯಲ್ಲಿ, ಪಾಠ ಕುಂದಗೋಳದಲ್ಲಿ. ಮಕ್ಕಳು, ಸಂಸಾರ, ರೊಕ್ಕದ ತಾಪತ್ರಯ ಎಲ್ಲ ಇಟ್ಟುಕೊಂಡು ರೈಲು ಹತ್ತಿ ಹೋಗಿ ಕಲಿತರು. ಗುರುಗಳು ಒಂದು ಸಣ್ಣ ಪಲುಕು ಹೇಳಿಕೊಡೋರು. ಅದು ಅವರ ಮನಸ್ಸಿಗೆ ಬರೋತನಕ ಮುಂದಿನದು ಇಲ್ಲ. ಈಗ ನಾವು ಅರ್ಧ ನಿಮಿಷದ ರೀಲ್ಸ್ ಪೂರ್ತಿ ನೋಡೋದಿಲ್ಲ, ಅರ್ಧ ನಿಮಿಷದ ಒಂದು ಸ್ವರಗುಚ್ಛಕ್ಕೆ ದಿನಗಟ್ಟಲೆ ಕುಂತಿರೋದನ್ನ ಊಹಿಸಿಕೊಳ್ರಿ.

ಅದೇ ಗುರುಮನೆಯಲ್ಲಿ ಆಗ ಇನ್ನೊಬ್ಬ ಹುಡುಗ ಇದ್ದ, ಭೀಮಸೇನ ಜೋಶಿ. ಗದಗಿನಿಂದ ಮನೆ ಬಿಟ್ಟು ಓಡಿಹೋಗಿ, ಗ್ವಾಲಿಯರ್, ಜಲಂಧರ್ ಅಂತ ದೇಶ ಸುತ್ತಿ, ಕೊನೆಗೆ ಗುರು ಸಿಕ್ಕದ್ದು ಮನೆಯ ಬಗಲಲ್ಲೇ ಇರೋ ಕುಂದಗೋಳದಲ್ಲಿ. ಆ ಶಿಷ್ಯನ ನಿತ್ಯದ ಕೆಲಸಗಳಲ್ಲಿ ಒಂದು ಗುರುಗಳ ಮನೆಗೆ ದೂರದಿಂದ ನೀರು ಹೊರೋದು. ಕೊಡ ಹೊತ್ತು ತರೋದು, ಆಮೇಲೆ ತಂಬೂರಿ. ನೋಡ್ರಿ, ನವಲಗುಂದದ ಕಥೆ ಬಿಟ್ಟು ಬಂದರೂ ಕೊನೆಗೆ ನೀರಿನ ಹತ್ತಿರವೇ ಬಂದೆವು. ಈ ಸೀಮೆಯ ಯಾವ ಕಥೆ ಹೇಳಿದರೂ ಹಿಂಗೇ ಆಗ್ತದ.

ಗಂಗೂಬಾಯಿಯವರ ದನಿ ಮೊದಲು ತೆಳ್ಳಗಿತ್ತು. ಗಂಟಲಿನ ಶಸ್ತ್ರಚಿಕಿತ್ಸೆ ಆದ ಮೇಲೆ ಅದು ಗಂಡುದನಿಯಷ್ಟು ದಪ್ಪ ಆಯಿತು. ಬೇರೆ ಯಾರೇ ಆಗಿದ್ದರೂ ಹಾಡು ಮುಗೀತು ಅಂತ ಕುಂತುಬಿಡ್ತಿದ್ದರು. ಅವರು ಅದೇ ದನಿಯನ್ನು ತಮ್ಮ ಗುರುತು ಮಾಡಿಕೊಂಡರು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ. ಪಕ್ಕದಲ್ಲಿ ಕುಳಿತು ಜೊತೆ ಹಾಡುತ್ತಿದ್ದ ಮಗಳು ಕೃಷ್ಣಾ ಹಾನಗಲ್ 2004ರಲ್ಲಿ ತಾಯಿಗಿಂತ ಮೊದಲೇ ಹೋದರು. ಗಂಗೂಬಾಯಿ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇರೋದು ಮೈಸೂರಿನಲ್ಲಿ, ಹುಬ್ಬಳ್ಳಿ ಧಾರವಾಡದಲ್ಲಿ ಅಲ್ಲ. ಇದಕ್ಕೆ ನನ್ನ ಸಣ್ಣ ಸಿಟ್ಟು ಅದ, ಇರಲಿ.

ಒಂದೇ ಜಿಲ್ಲೆ, ಒಂದೇ ತಾರೀಖು. ಆದರೆ ಗಂಗೂಬಾಯಿಯವರನ್ನು ನೆನೆಯೋಕೆ ಯಾರಿಗೂ ಜುಲೈ 21 ಬೇಕಾಗಿಲ್ಲ. ಮಾರ್ಚ್‌ನಲ್ಲಿ ಹುಟ್ಟುಹಬ್ಬಕ್ಕೆ ನೆನೀತಾರೆ, ಸೆಪ್ಟೆಂಬರಿನಲ್ಲಿ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಸಂಗೀತ ನಡೆಯುವಾಗ ನೆನೀತಾರೆ, ಫೋನ್ ತೆಗೆದು ಒಂದು ಹಾಡು ಹಾಕಿದಾಗಲೂ ನೆನೀಬಹುದು. ಅವರ 96 ವರ್ಷದಲ್ಲಿ ಆ ಮಂಗಳವಾರ ಎಲ್ಲಕ್ಕಿಂತ ಸಣ್ಣ ದಿನ. ಬಸಪ್ಪ ಲಕ್ಕುಂಡಿಯವರದು ಇದಕ್ಕೆ ತಿರುಗಾ. ಅವರು ಯಾವ ಹಾಡು ಗುನುಗುತ್ತಿದ್ದರು, ಆ ವರ್ಷ ಹೊಲದಲ್ಲಿ ಏನು ಬಿತ್ತಿದ್ದರು, ಇದನ್ನು ಯಾವ ಪುಸ್ತಕವೂ ಹೇಳೋದಿಲ್ಲ. ಹೊರಗಿನ ಜಗತ್ತಿಗೆ ಅವರು ಕೊಟ್ಟದ್ದು ಒಂದು ಸೋಮವಾರ ಮಾತ್ರ, ಅದನ್ನೂ ಬಿಟ್ಟರೆ ಹೆಸರೇ ಉಳಿಯೋದಿಲ್ಲ. ಹಂಗಾಗಿ ಪೇಪರಿನ ‘ಈ ದಿನ’ ಅಂಕಣದಲ್ಲಿ ಜಾಗ ಒಂದೇ ಇದ್ದರೆ ಯಾರನ್ನ ಹಾಕಬೇಕು ಅಂತ ನನ್ನ ಕೇಳಿದರೆ, ನಾನು ಅಳಗವಾಡಿಯ ಹೆಸರು ಬರೀತೀನಿ. ಗಂಗೂಬಾಯಿಯವರ ಅಭಿಮಾನಿ ಆಗಿಯೂ ಈ ಮಾತು ಹೇಳ್ತೀನಿ.

ಇನ್ನೊಂದು ಕಾರಣವೂ ಅದ. ನೀರಿನ ಆ ಲೆಕ್ಕ ಇನ್ನೂ ಮುಗಿದಿಲ್ಲ. ನವಿಲುತೀರ್ಥದ ಜಲಾಶಯ ಅನೇಕ ವರ್ಷ ತುಂಬೋದೇ ಇಲ್ಲ. ಹಂಗಾಗಿ ಖಾನಾಪುರದ ಕಾಡಿನ ಕಳಸಾ, ಬಂಡೂರಿ ನಾಲೆಗಳ ನೀರನ್ನು ಮಲಪ್ರಭಾಕ್ಕೆ ತಿರುಗಿಸಬೇಕು ಅನ್ನೋದು ಇಲ್ಲಿಯವರ ಬೇಡಿಕೆ. ಆ ನಾಲೆಗಳು ಮಹದಾಯಿಗೆ ಸೇರ್ತಾವ, ಮಹದಾಯಿ ಗೋವಾಕ್ಕೆ ಹೋಗ್ತದ, ಹಂಗಾಗಿ ಗೋವಾದ ವಿರೋಧ. 2015ರಲ್ಲಿ ನರಗುಂದದಲ್ಲಿ ನಿರಂತರ ಧರಣಿ ಶುರುವಾದದ್ದು ಜುಲೈ 16ಕ್ಕೆ, ಹುತಾತ್ಮ ದಿನಕ್ಕೆ ಐದು ದಿನ ಮೊದಲು. 2016ರ ಜುಲೈ 27ಕ್ಕೆ ನ್ಯಾಯಮಂಡಳಿ 7.56 ಟಿಎಂಸಿಯ ಮಧ್ಯಂತರ ಮನವಿಯನ್ನು ತಳ್ಳಿಹಾಕಿತು. ಮರುದಿನ ನವಲಗುಂದ ಹೊತ್ತಿ ಉರಿಯಿತು. ಆಮೇಲೆ ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ, ಹೆಂಗಸರು ಮುದುಕರು ಅನ್ನದೆ ಹೊಡೆದ ದೃಶ್ಯ ನಿಮ್ಮಲ್ಲಿ ಹಲವರು ಆಗ ಫೋನಿನಲ್ಲೇ ನೋಡಿರ್ತೀರಿ. 1980ರಲ್ಲಿ ಇಲ್ಲದ್ದು ಆ ಒಂದು ಫೋನು.

2018ರ ಆಗಸ್ಟ್ 14ರಂದು ಅಂತಿಮ ತೀರ್ಪು ಬಂತು. ಕರ್ನಾಟಕಕ್ಕೆ 13.42 ಟಿಎಂಸಿ. ಕೇಳೋಕೆ ದೊಡ್ಡದು, ಆದರ ಅದರೊಳಗ 8.02 ವಿದ್ಯುತ್ತಿಗೆ, 1.5 ಮಹದಾಯಿ ಕಣಿವೆಯೊಳಗಿನ ಬಳಕೆಗೆ. ಮಲಪ್ರಭಾಕ್ಕೆ ತಿರುಗಿಸೋಕೆ ಕಳಸಾದಿಂದ 1.72, ಬಂಡೂರಿಯಿಂದ 2.18, ಕೂಡಿದರೆ 3.9 ಟಿಎಂಸಿ. ತೀರ್ಪಿನ ಅಧಿಸೂಚನೆ ಹೊರಟದ್ದು 2020ರ ಫೆಬ್ರವರಿಯಲ್ಲಿ. ನಂತರದ ಜುಲೈ 21ಗಳಲ್ಲಿ ವೀರಗಲ್ಲಿಗೆ ಹಾರ ಹಾಕಲು ಬಂದವರು ಮೈಕಿನ ಮುಂದೆ ಮಾತಾಡಿದ್ದು ಹೆಚ್ಚಾಗಿ ಈ 3.9ರ ಬಗ್ಗೆಯೇ.

ಇವತ್ತಿಗೆ ಇಷ್ಟ್ರೀ. ನವಲಗುಂದ ಕಡೆಯವರು ಯಾರಾದರೂ ಕೇಳ್ತಿದ್ದರೆ, 1980ರ ಆ ದಿನ ಕಂಡ ಹಿರಿಯರು ಮನ್ಯಾಗ ಇದ್ದರ, ಒಂದು ತಾಸು ಕುಂತು ಅವರ ಮಾತು ಫೋನಿನಾಗ ರೆಕಾರ್ಡ್ ಮಾಡಿ ಇಟ್ಕೊಳ್ರಿ. ಬರ್ತೀನಿ.